ಅಂಬಲಿ ಹಲಸಿನ ಹಣ್ಣಿನ ಸದ್ಬಳಕೆ: ಮನೆಯಲ್ಲಿಯೇ ಕಡುಬು ಮತ್ತು ಬೆರಟಿ ತಯಾರಿಕೆ

ಪೀಠಿಕೆ

ಹಲಸು ನಮ್ಮ ರಾಜ್ಯದ ಮಲೆನಾಡು, ಕರಾವಳಿ ಹಾಗೂ ದಕ್ಷಿಣದ ಮೈದಾನ ಪ್ರದೇಶಗಳಲ್ಲಿ ಬೇಸಿಗೆಯಿಂದ ಮಳೆಗಾಲದ ಮೊದಲ ಭಾಗದವರೆಗೆ ದೊರೆಯುವ ಹಣ್ಣು. ತೊಳೆಯ ಗುಣವನ್ನು ಆಧರಿಸಿ ಹಲಸನ್ನು ಎರಡು ಬಗೆಯಾಗಿ ಗುರುತಿಸಲಾಗುತ್ತದೆ. ಗಟ್ಟಿ ತೊಳೆಯ ಬಕ್ಕೆ ಹಲಸಿಗೆ ಮಾರುಕಟ್ಟೆಯಲ್ಲಿ ಬೇಡಿಕೆಯಿದೆ. ಮೆದು ತೊಳೆಯ ಅಂಬಲಿ ಹಲಸು (ಕರಾವಳಿಯಲ್ಲಿ ತುಳುವ) ಹಣ್ಣಾದ ಮೇಲೆ ಸಾಗಣೆಯನ್ನು ತಾಳುವುದಿಲ್ಲ. ಬಿಡಿಸಿದ ತೊಳೆಯನ್ನು ಪೊಟ್ಟಣದಲ್ಲಿಟ್ಟು ಮಾರಲೂ ಆಗುವುದಿಲ್ಲ. ಹೀಗಾಗಿ ಅದರ ಬಹುಭಾಗ ಮರದಡಿಯಲ್ಲಿ ಕೊಳೆಯುತ್ತದೆ ಅಥವಾ ದನಗಳ ಪಾಲಾಗುತ್ತದೆ.

ಆದರೆ ಮಾರಾಟಕ್ಕೆ ಅಡ್ಡಿಯಾಗುವ ಈ ಮೆದುತನವೇ ಅಡುಗೆಯಲ್ಲಿ ಅನುಕೂಲವಾಗಿ ಪರಿಣಮಿಸುತ್ತದೆ. ಅಂಬಲಿ ತೊಳೆ ಸುಲಭವಾಗಿ ಅರೆಯಲ್ಪಡುತ್ತದೆ, ಅಕ್ಕಿಯೊಡನೆ ಸಮನಾಗಿ ಬೆರೆಯುತ್ತದೆ. ಅದೇ ದಿನ ತಿನ್ನಲು ಕಡುಬು, ಮಳೆಗಾಲ ಕಳೆದ ಮೇಲೂ ಬಳಸಲು ಬೆರಟಿ, ಹೀಗೆ ಎರಡು ದಾರಿಗಳಿವೆ. ಎರಡರಲ್ಲಿಯೂ ಗಮನಿಸಬೇಕಾದ ಮುಖ್ಯ ಅಂಶವೊಂದೇ: ಹಣ್ಣಿನಲ್ಲಿರುವ ನೀರು. ಹಲಸಿನ ತೊಳೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರಿರುತ್ತದೆ. ಕಡುಬಿನಲ್ಲಿ ಈ ನೀರನ್ನು ಅಕ್ಕಿ ಹೀರಿಕೊಳ್ಳಬೇಕು. ಬೆರಟಿಯಲ್ಲಿ ಅದು ಆವಿಯಾಗಿ ಹೋಗಬೇಕು.

ಹಣ್ಣಿನ ಆಯ್ಕೆ ಮತ್ತು ಕೊಯ್ಲು

ಬಲಿತ ಕಾಯಿಯ ಮುಳ್ಳುಗಳು ಅಗಲವಾಗಿ ಚಪ್ಪಟೆಯಾಗುತ್ತವೆ, ಸಿಪ್ಪೆಯ ಹಸಿರು ಹಳದಿಗೆ ತಿರುಗುತ್ತದೆ, ತಟ್ಟಿದಾಗ ಟೊಳ್ಳಾದ ಶಬ್ದ ಬರುತ್ತದೆ. ಈ ಹಂತದಲ್ಲಿ ಕಾಯಿಯನ್ನು ಹಗ್ಗದಿಂದ ಕಟ್ಟಿ ಇಳಿಸಿ, ನೆರಳಿನಲ್ಲಿಟ್ಟು ಹಣ್ಣಾಗಿಸಿರಿ. ಮರದಿಂದ ಬಿದ್ದು ಸೀಳಿದ ಹಣ್ಣಿನೊಳಗೆ ಮಣ್ಣು ಹಾಗೂ ಸೂಕ್ಷ್ಮಾಣುಗಳು ಸೇರುವುದರಿಂದ ಅಂತಹ ಹಣ್ಣು ಬೆರಟಿಗೆ ಯೋಗ್ಯವಲ್ಲ. ಪರಿಮಳ ಬಂದ ದಿನವೇ ಅಥವಾ ಮರುದಿನ ಹಣ್ಣನ್ನು ಕೊಯ್ಯಿರಿ. ಹುಳಿ ಅಥವಾ ಹೆಂಡದ ವಾಸನೆ ಬಂದಿದ್ದರೆ ಹುದುಗುವಿಕೆ ಆರಂಭವಾಗಿದೆಯೆಂದು ತಿಳಿದು ಆ ಹಣ್ಣನ್ನು ಬಿಡಬೇಕು.

ಕೊಯ್ಯುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿರಿ. ಹಲಸಿನ ಮೇಣ ನೀರಿನಲ್ಲಿ ಕರಗದು, ಎಣ್ಣೆಯಿಂದ ಬಿಡುತ್ತದೆ. ಸಾಮಾನ್ಯವಾಗಿ 10 ಕಿ.ಗ್ರಾಂ ತೂಕದ ಹಣ್ಣಿನಿಂದ 2.5ರಿಂದ 3 ಕಿ.ಗ್ರಾಂ ಬೀಜರಹಿತ ತೊಳೆ ಸಿಗುತ್ತದೆ. ಒಂದು ಕುಟುಂಬಕ್ಕೆ ಕಡುಬಿಗೆ 1 ಕಿ.ಗ್ರಾಂ ಸಾಕು, ಉಳಿದದ್ದನ್ನು ಅದೇ ದಿನ ಬೆರಟಿಗೆ ಹಚ್ಚಬಹುದು.

ಹಲಸಿನ ಹಣ್ಣಿನ ಕಡುಬು

ಕೆಲವೆಡೆ ಗಟ್ಟಿ, ಕೊಟ್ಟಿಗೆ ಎಂದೂ ಕರೆಯಲಾಗುವ ಈ ತಿನಿಸಿಗೆ ಬೇಕಾಗುವ ಸಾಮಗ್ರಿಗಳು: ಬೀಜ ತೆಗೆದ ತೊಳೆ 1 ಕಿ.ಗ್ರಾಂ, ಅಕ್ಕಿ 500 ಗ್ರಾಂ, ಬೆಲ್ಲ 200 ಗ್ರಾಂ, ತೆಂಗಿನ ತುರಿ 150 ಗ್ರಾಂ, ಉಪ್ಪು 1 ಚಿಕ್ಕ ಚಮಚ, ಏಲಕ್ಕಿ 4. ಸುತ್ತಲು ಬಾಡಿಸಿದ ಬಾಳೆ ಎಲೆ ಅಥವಾ ಎಳೆಯ ಸಾಗುವಾನಿ ಎಲೆ. ಈ ಪ್ರಮಾಣದಲ್ಲಿ ತಲಾ 100 ಗ್ರಾಂ ತೂಕದ ಸುಮಾರು 20 ಕಡುಬುಗಳಾಗುತ್ತವೆ.

ವಿಧಾನ:

1. ಅಕ್ಕಿಯನ್ನು ತೊಳೆದು 3ರಿಂದ 4 ಗಂಟೆ ನೆನೆಸಿ, ನೀರನ್ನು ಪೂರ್ತಿ ಬಸಿಯಿರಿ. ಅರ್ಧ ಗಂಟೆ ಜರಡಿಯಲ್ಲಿ ಬಿಟ್ಟರೆ ಉತ್ತಮ.
2. ತೊಳೆಗಳನ್ನು ಸಣ್ಣಗೆ ಹೆಚ್ಚಿರಿ. ಹೆಚ್ಚದೆ ಹಾಕಿದರೆ ಅಂಬಲಿ ಹಲಸಿನ ಉದ್ದನೆಯ ನಾರು ಅರೆಯುವ ಕಲ್ಲಿಗೆ ಸುತ್ತಿಕೊಳ್ಳುತ್ತದೆ.
3. ಅಕ್ಕಿ, ತೊಳೆ, ತೆಂಗಿನ ತುರಿ ಮತ್ತು ಏಲಕ್ಕಿಯನ್ನು ಒಟ್ಟಿಗೆ ಸಣ್ಣ ರವೆಯ ಹದಕ್ಕೆ ಅರೆಯಿರಿ. ನೀರು ಸೇರಿಸಬಾರದು.
4. ಕೊನೆಯಲ್ಲಿ ಪುಡಿ ಮಾಡಿದ ಬೆಲ್ಲ ಮತ್ತು ಉಪ್ಪನ್ನು ಬೆರೆಸಿರಿ. ಬೆಲ್ಲ ಕರಗಿದಾಗ ಹಿಟ್ಟು ಸಡಿಲಗೊಳ್ಳುವುದರಿಂದ, ಹದವನ್ನು ಬೆಲ್ಲ ಬೆರೆತ ಮೇಲೆಯೇ ನೋಡಬೇಕು.
5. ಹಿಟ್ಟು ಸೌಟಿನಿಂದ ಧಾರೆಯಾಗಿ ಸುರಿಯದೆ ಮುದ್ದೆಯಾಗಿ ಬೀಳುವಂತಿರಬೇಕು. ತೆಳುವಾಗಿದ್ದರೆ 50ರಿಂದ 100 ಗ್ರಾಂ ಅಕ್ಕಿ ರವೆ ಸೇರಿಸಿ 20 ನಿಮಿಷ ಬಿಡಿರಿ. ಮಳೆ ಹಿಡಿದ ಮೇಲೆ ಕೊಯ್ದ ಹಣ್ಣಿಗೆ ಇದು ಹೆಚ್ಚಾಗಿ ಬೇಕಾಗುತ್ತದೆ.
6. ಪ್ರತಿ ಎಲೆಯಲ್ಲಿ ಹಿಟ್ಟನ್ನು ಎರಡು ಸೆಂ.ಮೀ. ಮೀರದ ದಪ್ಪಕ್ಕೆ ಹರಡಿ ಮಡಚಿರಿ. ಹಬೆಪಾತ್ರೆಯಲ್ಲಿ ನೀರು ಕುದಿಯಲಾರಂಭಿಸಿದ ಮೇಲೆ ಇಟ್ಟು 35ರಿಂದ 40 ನಿಮಿಷ ಬೇಯಿಸಿರಿ. ತಟ್ಟೆಯಲ್ಲಿ ದಪ್ಪವಾಗಿ ಹೊಯ್ದರೆ ಒಂದು ಗಂಟೆಯವರೆಗೂ ಬೇಕಾಗಬಹುದು.
7. ನಡುವೆ ಚಾಕು ಚುಚ್ಚಿ ನೋಡಿರಿ. ಹಸಿ ಹಿಟ್ಟು ಅಂಟಿರಬಾರದು. ಹತ್ತು ನಿಮಿಷ ಆರಿದ ಮೇಲೆ ಎಲೆ ಬಿಡಿಸಿರಿ. ತುಪ್ಪದೊಡನೆ ಬಡಿಸಿರಿ.

ದೋಷಗಳು ಮತ್ತು ಪರಿಹಾರ:

ಎಷ್ಟು ಹೊತ್ತು ಬೇಯಿಸಿದರೂ ಕಡುಬು ಅಂಟಂಟಾಗಿ ಉಳಿದರೆ, ಹಣ್ಣಿನ ನೀರಿಗೆ ತಕ್ಕಷ್ಟು ಅಕ್ಕಿ ಇಲ್ಲವೆಂದು ತಿಳಿಯಿರಿ. ಇನ್ನಷ್ಟು ಹೊತ್ತು ಬೇಯಿಸುವುದರಿಂದ ಅದು ಸರಿಹೋಗದು. ಕಡುಬು ಬಿರುಸಾದರೆ ಅಕ್ಕಿ ಹೆಚ್ಚಾಗಿದೆ. ಮೇಲ್ಭಾಗ ಬೆಂದು ನಡು ಹಸಿಯಾಗಿದ್ದರೆ ದಪ್ಪ ಹೆಚ್ಚಾಗಿದೆ.

ಬೆಂದ ಕಡುಬನ್ನು ಅದೇ ದಿನ ತಿಂದು ಮುಗಿಸಬೇಕು. ಬೆಂದ ಅಕ್ಕಿಯ ಪದಾರ್ಥ ಬೆಚ್ಚಗಿನ ಜಾಗದಲ್ಲಿ ಹೆಚ್ಚು ಹೊತ್ತು ಉಳಿದರೆ ಅದರಲ್ಲಿ ವಿಷಕಾರಕ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಫ್ರಿಜ್ ಇದ್ದರೆ ಬೇಗನೆ ಆರಿಸಿಟ್ಟು, ಎರಡು ದಿನಗಳೊಳಗೆ ಮತ್ತೆ ಹಬೆಯಲ್ಲಿ ಬಿಸಿಮಾಡಿ ಅಥವಾ ಹೋಳು ಮಾಡಿ ಕಾವಲಿಯ ಮೇಲೆ ತುಪ್ಪ ಹಾಕಿ ಕಾಯಿಸಿ ತಿನ್ನಬಹುದು.

ಬೆರಟಿ

ಬೆರಟಿಯೆಂದರೆ ಹಣ್ಣಿನ ತಿರುಳನ್ನು ಬೆಲ್ಲದೊಡನೆ ಕಾಯಿಸಿ ಗಟ್ಟಿಗೊಳಿಸಿದ ಪಾಕ. ತಿರುಳು 1 ಕಿ.ಗ್ರಾಂ, ಬೆಲ್ಲ 500 ಗ್ರಾಂ, ತುಪ್ಪ 50 ಗ್ರಾಂ ಬೇಕು.

1. ಬಾಣಲೆಯ ಬರಿಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳಿರಿ.
2. ತೊಳೆಗಳನ್ನು ಬೇಯಿಸಿ, ಅಗಲ ಕಣ್ಣಿನ ಜರಡಿಯಲ್ಲಿ ಒತ್ತಿ ನಾರನ್ನು ಬೇರ್ಪಡಿಸಿರಿ. ನಾರು ತೆಗೆದ ತಿರುಳನ್ನು ತೂಗಿಕೊಳ್ಳಿರಿ.
3. ದಪ್ಪ ತಳದ ಬಾಣಲೆಯಲ್ಲಿ ತಿರುಳನ್ನು ಹದವಾದ ಉರಿಯಲ್ಲಿ ಕೈಬಿಡದೆ ಮಗುಚಿರಿ. ಗಟ್ಟಿಯಾಗುತ್ತಾ ಬಂದಾಗ ಬೆಲ್ಲ ಸೇರಿಸಿರಿ. ಬೆಲ್ಲವನ್ನು ಮೊದಲೇ ಹಾಕಿದರೆ ತಳ ಹಿಡಿಯುವ ಸಂಭವ ಹೆಚ್ಚು.
4. ಪಾಕ ಸಿಡಿಯುವುದರಿಂದ ಉದ್ದ ಹಿಡಿಯ ಸಟ್ಟುಗ ಬಳಸಿರಿ, ಮಕ್ಕಳನ್ನು ದೂರವಿಡಿರಿ.
5. ತುಪ್ಪ ಹಾಕಿ, ಪಾಕ ಬಾಣಲೆಯ ಅಂಚು ಬಿಟ್ಟು ಒಂದೇ ಮುದ್ದೆಯಾಗುವವರೆಗೆ ಮಗುಚಿರಿ. ಆರಿದ ಚೂರು ಬೆರಳಿಗೆ ಅಂಟದೆ ಉಂಡೆಯಾಗಬೇಕು.

ಅನುಭವಿಗಳು ಈ ಹದವನ್ನು ಕಣ್ಣಿನಿಂದಲೇ ಗುರುತಿಸುತ್ತಾರೆ. ಹೊಸಬರಿಗೆ ತಕ್ಕಡಿಯೇ ನಂಬಿಗಸ್ತ. 1 ಕಿ.ಗ್ರಾಂ ತಿರುಳಿನಲ್ಲಿ 200ರಿಂದ 250 ಗ್ರಾಂ ಮಾತ್ರ ಘನ ಪದಾರ್ಥವಿದ್ದು, ಉಳಿದುದು ನೀರು. ಬೆಲ್ಲ ಮತ್ತು ತುಪ್ಪ ಸೇರಿ ಒಟ್ಟು 1,550 ಗ್ರಾಂ ಇದ್ದ ಮಿಶ್ರಣವು 950 ಗ್ರಾಂಗೆ ಇಳಿದಾಗ ಅದರ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಘನ ಪದಾರ್ಥವಾಗಿರುತ್ತದೆ. ಅಷ್ಟು ಸಕ್ಕರೆಯ ಸಾಂದ್ರತೆಯಲ್ಲಿ ಬಹುತೇಕ ಸೂಕ್ಷ್ಮಾಣುಗಳು ಬೆಳೆಯಲಾರವು. ತೂಕ ಇದಕ್ಕಿಂತ ಹೆಚ್ಚಿರುವಾಗಲೇ ಇಳಿಸಿದ ಬೆರಟಿ ಮಳೆಗಾಲದಲ್ಲಿ ಬೂಸ್ಟು ಹಿಡಿಯುವ ಸಂಭವವಿದೆ.

ಪೂರ್ತಿ ಆರಿದ ಬೆರಟಿಯನ್ನು ಒಣಗಿದ ಭರಣಿಯಲ್ಲಿ ಒತ್ತಿ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿರಿ. ಒದ್ದೆ ಚಮಚ ತಾಗಿಸಬಾರದು. ಬೂಸ್ಟು ಕಂಡರೆ ಮೇಲ್ಪದರ ಕೆರೆದು ಉಳಿದುದನ್ನು ಬಳಸದೆ, ಆ ಭರಣಿಯ ಬೆರಟಿಯನ್ನೆಲ್ಲಾ ತ್ಯಜಿಸಿರಿ. ಬೇಕಾದಾಗ ಬೆರಟಿಯನ್ನು ಬಿಸಿನೀರಿನಲ್ಲಿ ಸಡಿಲಿಸಿ, ತೆಂಗಿನ ಹಾಲಿನೊಡನೆ ಪಾಯಸಕ್ಕೂ ಅಕ್ಕಿಯೊಡನೆ ಕಡುಬಿಗೂ ಬಳಸಬಹುದು. ಬೆಲ್ಲ ಅದರಲ್ಲಿಯೇ ಇರುವುದರಿಂದ ಬೇರೆಯಾಗಿ ಹಾಕುವ ಮೊದಲು ರುಚಿ ನೋಡಿರಿ.

ಎಚ್ಚರಿಕೆ

ಬೆಲ್ಲ ಸೇರಿಸದ ತಿರುಳನ್ನು ಕುದಿಸಿ, ಬಾಟಲಿಗೆ ತುಂಬಿ, ಮುಚ್ಚಿ ಹೊರಗಿಡುವ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿರಿ. ಹಣ್ಣಾದ ಹಲಸಿನಲ್ಲಿ ಹುಳಿ ಅತ್ಯಲ್ಪ. ಅದರ ಪಿಎಚ್ ಸಾಮಾನ್ಯವಾಗಿ 4.6ಕ್ಕಿಂತ ಹೆಚ್ಚಿರುತ್ತದೆ. ಅಂತಹ ಆಹಾರವನ್ನು ಗಾಳಿಯಾಡದಂತೆ ಮುಚ್ಚಿಟ್ಟಾಗ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಸೂಕ್ಷ್ಮಾಣು ಮಾರಕ ವಿಷವನ್ನು ಉತ್ಪಾದಿಸಬಲ್ಲದು. ಅದರ ಬೀಜಕಣಗಳು ಸಾಮಾನ್ಯ ಕುದಿತದಿಂದ ಸಾಯುವುದಿಲ್ಲ. ಬಾಟಲಿಯಲ್ಲಿ ಕೆಟ್ಟ ವಾಸನೆಯೂ ಕಾಣದಿರಬಹುದು. ತಿರುಳನ್ನು ಹಾಗೆಯೇ ಉಳಿಸಬೇಕಿದ್ದರೆ ಅರ್ಧ ಕಿ.ಗ್ರಾಂ ಚೀಲಗಳಲ್ಲಿ ತುಂಬಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಶೀತಕದಲ್ಲಿಡುವುದೇ ಸುರಕ್ಷಿತ ಮಾರ್ಗ.

ಬೀಜ ಮತ್ತು ತಾಯಿಮರ

ಬೀಜಗಳನ್ನು ಎಸೆಯದೆ ತೊಳೆದು ನೆರಳಿನಲ್ಲಿ ಆರಿಸಿ ಪಲ್ಯ, ಸಾರಿಗೆ ಬಳಸಿರಿ. ಕೆಮ್ಮಣ್ಣು ಬಳಿದು ಶೇಖರಿಸುವ ಪದ್ಧತಿ ಮಲೆನಾಡು, ಕರಾವಳಿಗಳಲ್ಲಿ ರೂಢಿಯಲ್ಲಿದೆ. ಬಿತ್ತನೆಗಾದರೆ ತಾಜಾ ಬೀಜವೇ ಬೇಕು; ಒಣಗಿದ ಹಲಸಿನ ಬೀಜ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಲಸು ಪರಕೀಯ ಪರಾಗಸ್ಪರ್ಶದ ಬೆಳೆಯಾದುದರಿಂದ ಬೀಜದ ಸಸಿ ತಾಯಿಮರದ ಗುಣವನ್ನು ಹಾಗೆಯೇ ತೋರುವುದಿಲ್ಲ. ಕಡುಬು, ಬೆರಟಿಗೆ ಒಪ್ಪುವ ಸಿಹಿಯಾದ, ನಾರು ಕಡಿಮೆಯಿರುವ ಮರ ತಮ್ಮಲ್ಲಿದ್ದರೆ ಅದನ್ನು ಗುರುತಿಟ್ಟು, ಕಸಿಯ ಮೂಲಕವೇ ವೃದ್ಧಿಪಡಿಸಿರಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಸ್ವಸಹಾಯ ಸಂಘಗಳಿಗೆ ತರಬೇತಿ ನೀಡುವಾಗ ತಕ್ಕಡಿ ಬಳಸುವ ರೂಢಿಯನ್ನು ಮೊದಲು ಕಲಿಸಿರಿ. ಪ್ರತಿ ಬಾರಿ ತಿರುಳು, ಬೆಲ್ಲ ಮತ್ತು ಸಿದ್ಧ ಬೆರಟಿಯ ತೂಕ, ತಯಾರಿಸಿದ ದಿನಾಂಕ ಹಾಗೂ ಮರದ ಗುರುತನ್ನು ಪುಸ್ತಕದಲ್ಲಿ ಬರೆಯಿಸಿರಿ. ಯಾವ ಮರದ ಹಣ್ಣಿನಿಂದ ಎಷ್ಟು ಬೆರಟಿ ಬರುತ್ತದೆ ಎಂಬುದು ಒಂದೆರಡು ಹಂಗಾಮುಗಳಲ್ಲಿ ಆ ದಾಖಲೆಯಿಂದಲೇ ತಿಳಿಯುತ್ತದೆ. ಮಾರಾಟ ಮಾಡುವ ಗುಂಪುಗಳು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಪಡೆದು, ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕ ಮತ್ತು ಸಾಮಗ್ರಿಗಳ ವಿವರವನ್ನು ನಮೂದಿಸಬೇಕು. ಹೆಚ್ಚಿನ ಮಾಹಿತಿಗೆ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಗೃಹ ವಿಜ್ಞಾನ ವಿಭಾಗವನ್ನು ಸಂಪರ್ಕಿಸಬಹುದು.