ಗುದ್ದಲಿಗಿಂತ ಮೊದಲು ನೀರು

ಇಳಿಜಾರಿನ ಜಾಗದಲ್ಲಿ ಪಾಯ ತೋಡುವ ದಿನ ನನ್ನಜ್ಜ ಮೊದಲು ಮೇಲಕ್ಕೆ ಹತ್ತುತ್ತಿದ್ದ. ಮಳೆ ಬಂದರೆ ನೀರು ಯಾವ ದಾರಿ ಹಿಡಿದು ಇಳಿಯುತ್ತದೆ ಎಂದು ಹುಲ್ಲು ಮಲಗಿದ್ದನ್ನು, ಹರಳು ಕೂಡಿದ್ದನ್ನು ನೋಡಿ ಗುರುತು ಮಾಡುತ್ತಿದ್ದ. ಆಮೇಲೆ ಪಾಯದ ಗೆರೆಗಿಂತ ಹತ್ತು ಹೆಜ್ಜೆ ಮೇಲೆ ಒಂದು ಅಡ್ಡಗಾಲುವೆ ತೋಡಿಸುತ್ತಿದ್ದ. ಅದು ಮುಗಿದ ಮೇಲೆಯೇ ಕೆಳಗೆ ಗುದ್ದಲಿ ಪೂಜೆ. "ನೀರಿಗೆ ನಾವ ದಾರಿ ತೋರಸ್ಬೇಕು ತಮ್ಮಾ. ಇಲ್ಲಂದ್ರ ಅದು ತನ್ನ ದಾರಿ ತಾನ ಹುಡಿಕ್ಕೊಂತೈತಿ" ಎನ್ನುತ್ತಿದ್ದ.

ನಾವು ಮಣ್ಣು ಒಡ್ಡರು. ನಲವತ್ತು ವರ್ಷ ಧಾರವಾಡ-ಹುಬ್ಬಳ್ಳಿಯ ಏರು ತಗ್ಗುಗಳಲ್ಲಿ ಮಣ್ಣು ತೆಗೆಸಿದ್ದೇನೆ. ಕಟ್ಟಡ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಕೆತ್ತಿರುತ್ತದೆ. ಅದರ ಕೆಳಗಿನ ಮಣ್ಣು ತೆಗೆದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಅವರಿಗೆ ಏನು ಗೊತ್ತಿತ್ತು ಎಂಬುದಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಧಾರವಾಡ ಕುಳಿತಿರುವುದು ನೀರು ಎರಡಾಗಿ ಒಡೆಯುವ ದಿಣ್ಣೆಯ ಮೇಲೆ. ಪಡುವಣಕ್ಕೆ ಬಿದ್ದ ಮಳೆ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯನ್ನು ಸೇರಿ, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮೂಡಣಕ್ಕೆ ಬಿದ್ದದ್ದು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ಹಾದಿಯಲ್ಲಿ ಬಂಗಾಳ ಕೊಲ್ಲಿಗೆ. ಮಣ್ಣೂ ಹಾಗೆಯೇ ಎರಡು ಬಗೆ. ನವಲಗುಂದದ ಕಡೆ ಕಪ್ಪು ಎರಿ, ಧಾರವಾಡದ ಗುಡ್ಡಗಳಲ್ಲಿ ಕೆಂಪು ಮಸಾರಿ. ಮಸಾರಿಯ ಕೆಳಗೆ ಗರಸು, ಗರಸಿನ ಕೆಳಗೆ ಕೊಳೆತ ಪದರುಗಲ್ಲು. ಈ ಕಲ್ಲು ಎರಡೂವರೆ ನೂರು ಕೋಟಿ ವರ್ಷಕ್ಕಿಂತ ಹಳೆಯದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ದಕ್ಷಿಣ ಭಾರತದ ಇಂಥ ಶಿಲೆಗಳಿಗೆಲ್ಲ ನಮ್ಮೂರಿನ ಹೆಸರನ್ನೇ ಇಟ್ಟ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡ ಎಂದರೆ ಇಂದಿಗೂ ಒಂದು ಕಲ್ಲು.

ಫೂಟ್ ಬರೆದದ್ದನ್ನು ನನ್ನಜ್ಜ ಓದಿರಲಿಲ್ಲ. ಆದರೆ ಆ ಕಲ್ಲಿನ ಸ್ವಭಾವ ಅವನ ಕೈಗೆ ಗೊತ್ತಿತ್ತು. ಪದರುಗಲ್ಲು ಪುಸ್ತಕದ ಹಾಳೆಗಳ ಹಾಗೆ ಒಂದು ಕಡೆಗೆ ವಾಲಿ ನಿಂತಿರುತ್ತದೆ. ತಗ್ಗಿನ ಒಂದು ಮಗ್ಗುಲಲ್ಲಿ ಆ ಹಾಳೆಗಳು ಗುಡ್ಡದೊಳಕ್ಕೆ ವಾಲಿದ್ದರೆ, ಎದುರಿನ ಮಗ್ಗುಲಲ್ಲಿ ತಗ್ಗಿನ ಕಡೆಗೇ ವಾಲಿರುತ್ತವೆ. ಮೊದಲನೆಯದು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಎರಡನೆಯದರ ಬುಡ ಕಡಿದರೆ, ಪದರಿನ ಸಂದಿಗೆ ನೀರು ಇಳಿದ ದಿನ, ಮೇಲಿನ ಹಾಳೆ ಕೆಳಗಿನದರ ಮೇಲಿಂದ ಜಾರುತ್ತದೆ. "ಈ ಮಗ್ಗಲು ನಿಲ್ಲೂದು, ಆ ಮಗ್ಗಲು ಮಲಗೂದು" ಎಂದು ಅಜ್ಜ ಹಾರಿಯಿಂದ ತಟ್ಟಿ ಹೇಳುತ್ತಿದ್ದ. ಮಲಗುವ ಮಗ್ಗುಲಿಗೆ ಅಗಲವಾದ ಮೆಟ್ಟಿಲು ಬಿಡಿಸುತ್ತಿದ್ದ, ನಿಲ್ಲುವ ಮಗ್ಗುಲಿಗೆ ಕಡಿಮೆ ಜಾಗ ಬಿಡುತ್ತಿದ್ದ. ಒಂದೇ ತಗ್ಗಿಗೆ ಎರಡು ಲೆಕ್ಕ.

ಈ ಸೀಮೆಗೆ ನೆಲ ತೋಡುವುದು ಹೊಸತಲ್ಲ. ಜೋಳ ತುಂಬಿಡುವ ಹಗೇವು ಇಲ್ಲಿನ ಎಷ್ಟೋ ವಾಡೆಗಳ ಅಂಗಳದಲ್ಲಿದ್ದವು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಂದೂ ಕಟ್ಟಿಗೆಯ ಆಸರೆಯಿಲ್ಲದೆ ಅದು ತಲೆಮಾರುಗಳ ಕಾಲ ನಿಲ್ಲುತ್ತಿತ್ತು, ಏಕೆಂದರೆ ಗಟ್ಟಿ ಗರಸು ಇರುವ, ನೀರು ಜಿನುಗದ ಜಾಗವನ್ನು ಹುಡುಕಿಯೇ ತೋಡುತ್ತಿದ್ದರು. ಬಾಯಿಯನ್ನು ಚಪ್ಪಡಿ ಕಲ್ಲಿನಿಂದ ಮುಚ್ಚಿ ಮೇಲೆ ಮಣ್ಣು ಬಡಿದು ಮಳೆನೀರನ್ನು ದೂರ ಇಡುತ್ತಿದ್ದರು. ಜಾಗ ಸರಿಯಾಗಿ ಆರಿಸಿದರೆ ಆಸರೆ ಬೇಕಿಲ್ಲ ಎಂಬುದು ಹಗೇವು ಕಲಿಸುವ ಪಾಠ.

ದೊಡ್ಡ ಪ್ರಮಾಣದಲ್ಲಿ ಗುಡ್ಡ ಕಡಿಯುವ ಕೆಲಸ ಬಂದದ್ದು ರೈಲಿನ ಜೊತೆ. 1876-78ರ ಬರ ಈ ಸೀಮೆಯನ್ನು ಸುಟ್ಟುಹಾಕಿತ್ತು. ಬರಗಾಲದಲ್ಲಿ ಕಾಳು ಸಾಗಿಸಲು ಹಳಿ ಬೇಕು ಎಂಬುದು ಮನವರಿಕೆಯಾಗಿ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಯಿಂದ ಧಾರವಾಡ, ಲೋಂಡಾ ದಾಟಿ ಗೋವೆಯ ಗಡಿಯ ಕಡೆಗೆ ಹಳಿ ಸಾಗಿತು. ಏರಿದ್ದಲ್ಲಿ ಕಡಿಯಬೇಕು, ತಗ್ಗಿದ್ದಲ್ಲಿ ತುಂಬಬೇಕು. ನನ್ನ ಮುತ್ತಜ್ಜ ಬುಟ್ಟಿ ಹೊರುವ ಹುಡುಗನಾಗಿ ಆ ಕೆಲಸಕ್ಕೆ ಸೇರಿದ ಎಂದು ಮನೆಯಲ್ಲಿ ಹೇಳುತ್ತಿದ್ದರು. ಆ ಕಂಪನಿ ಧಾರವಾಡದಲ್ಲಿ ತನ್ನ ಕಚೇರಿಗೆಂದು ಕಟ್ಟಿಸಿದ ಕಲ್ಲಿನ ಕಟ್ಟಡವೇ ಮುಂದೆ, 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಮನೆಯಾಯಿತು.

ಕೂಲಿ ಬ್ರಾಸಿನ ಲೆಕ್ಕ. ನೂರು ಘನ ಅಡಿ ಮಣ್ಣು ತೆಗೆದರೆ ಒಂದು ಬ್ರಾಸ್. ತೂಕದಲ್ಲಿ ಸುಮಾರು ಐದು ಟನ್. ಗಂಡ ಕಡಿಯುತ್ತಾನೆ, ಹೆಂಡತಿ ಹೊರುತ್ತಾಳೆ. ಎಷ್ಟು ಕಡಿದರು ಎಂದು ಅಳೆಯಲು ನಡುನಡುವೆ ಮಣ್ಣಿನ ಕಂಬಗಳನ್ನು ಕಡಿಯದೆ ಬಿಡುತ್ತಿದ್ದರು. ಕಂಬದ ತಲೆಯ ಮೇಲೆ ಮೂಲ ನೆಲದ ಹುಲ್ಲು ಹಾಗೆಯೇ ಇರಬೇಕು. ನಮ್ಮ ಮನೆಯಲ್ಲಿ ಆ ಕಂಬವನ್ನು ಸಾಕ್ಷಿ ಎನ್ನುತ್ತಿದ್ದರು. ಸಾಹೇಬರು ಬಂದು, ಹುಲ್ಲಿನ ತುದಿಯಿಂದ ತಳದವರೆಗೆ ಟೇಪು ಇಳಿಬಿಟ್ಟು ಅಳತೆ ಬರೆದುಕೊಂಡ ಮೇಲೆ ಕಟ್ಟಕಡೆಗೆ ಸಾಕ್ಷಿಯನ್ನು ಕಡಿಯಬೇಕು. ನನಗೆ ಅಜ್ಜ ಪಾಠ ಹೇಳಿದ್ದು ಈ ಸಾಕ್ಷಿಗಳ ಮುಂದೆ ನಿಲ್ಲಿಸಿ. ಯಾವ ಪದರು ಎಷ್ಟು ದಪ್ಪ, ಯಾವುದು ನೀರು ಕುಡಿದಿದೆ, ಯಾವುದು ಉಗುರಿಗೆ ಪುಡಿಯಾಗುತ್ತದೆ, ಎಲ್ಲವೂ ಆ ಆಳೆತ್ತರದ ಕಂಬದಲ್ಲಿ ಕಾಣುತ್ತಿತ್ತು.

ಅಜ್ಜನ ಕಾಲದ ದೊಡ್ಡ ಕೆಲಸ ವಿಶ್ವವಿದ್ಯಾಲಯದ ಗುಡ್ಡ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ, ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದ 1954ರಿಂದ 1967ರವರೆಗಿನ ವರ್ಷಗಳಲ್ಲಿ ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಎತ್ತರದಲ್ಲಿ ಬೆಳೆಯಿತು. ಅಲ್ಲಿ ರಸ್ತೆಯ ಮಣ್ಣು ಕೆಲಸ ಮಾಡಿದ ಗುಂಪಿನಲ್ಲಿ ಅಜ್ಜನಿದ್ದ. ಮೇಲಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಬುಡದಿಂದ ಎಂದೂ ಕೈ ಹಾಕದಿರುವುದು, ಇದು ಅವರ ಮೊದಲ ಕಟ್ಟಳೆ. ತಡೆಗೋಡೆಯನ್ನು ಗುಡ್ಡದ ಕಡೆಗೆ ತುಸು ವಾಲಿಸಿ ಕಟ್ಟುತ್ತಿದ್ದರು. ಗೋಡೆಯ ಬೆನ್ನಿಗೆ ಮಣ್ಣು ತುಂಬದೆ ಕಲ್ಲುಚೂರು ತುಂಬಿ, ಅಲ್ಲಲ್ಲಿ ನೀರು ಹೊರಹೋಗಲು ಕಿಂಡಿ ಬಿಡುತ್ತಿದ್ದರು. ಮಳೆಗಾಲದಲ್ಲಿ ಆ ಕಿಂಡಿಗಳು ಜಿನುಗುವುದನ್ನು ನೋಡಿದರೆ ಅಜ್ಜನಿಗೆ ಸಮಾಧಾನ. ಗೋಡೆಯನ್ನು ದೂಡುವುದು ಮಣ್ಣಿಗಿಂತ ಹೆಚ್ಚಾಗಿ ಅದರ ಹಿಂದೆ ಕೂಡಿದ ನೀರು. ಮಿರಗದ ಮಳೆ ಕೂಡುವ ಮೊದಲು ಗೋಡೆ ನೆಲಮಟ್ಟಕ್ಕೆ ಏರಬೇಕು, ಆಗದಿದ್ದರೆ ಆ ವರ್ಷ ಗುಡ್ಡ ಕಡಿಯಲೇಬಾರದು.

ಈ ಮಾತನ್ನು ನಾವೇ ಒಮ್ಮೆ ಮೀರಿದೆವು. ಆಗ ನನಗೆ ಇಪ್ಪತ್ತರ ಹರೆಯ. ಇಳಿಜಾರಿನ ಒಂದು ಮನೆ ಕೆಲಸ, ಆಷಾಢದ ಜಿಟಿಜಿಟಿ ಮಳೆ, ಮಾಲೀಕರಿಗೆ ಅವಸರ. ಎಂಟಡಿ ಆಳದ ತಗ್ಗು. ಮಗ್ಗುಲಿಗೆ ಆಸರೆ ಕೊಡಲು ಬಲ್ಲಿ, ಹಲಗೆ ತರಲು ದುಡ್ಡು ಕೇಳಿದ್ದೆವು, ಸಿಗಲಿಲ್ಲ. ತೆಗೆದ ಮಣ್ಣನ್ನು ದೂರ ಹೊರಲು ಬೇಸರವಾಗಿ ಅಂಚಿಗೇ ಸುರಿದಿದ್ದೆವು. ಮೂರನೆಯ ದಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು ಅಪ್ಪ "ಎಲ್ಲಾರೂ ಮ್ಯಾಲ ಬರ್ರಿ" ಎಂದು ಕೂಗಿದ. ಎಲ್ಲರನ್ನೂ ಮೇಲೆ ಹತ್ತಿಸಿ ತಾನು ಕೊನೆಗೆ ಉಳಿದ. ಮಣ್ಣು ಸಪ್ಪಳವಿಲ್ಲದೆ ಬಂತು. ಎದೆಯವರೆಗೆ ಹೂತುಹೋದ. ಅವನು ಉಸಿರು ಬಿಟ್ಟಾಗೆಲ್ಲ ಎದೆ ಕುಗ್ಗಿದಷ್ಟು ಜಾಗಕ್ಕೆ ಮಣ್ಣು ಇಳಿಯುತ್ತಿತ್ತು, ಮರಳಿ ಉಸಿರೆಳೆಯಲು ಜಾಗ ಕೊಡುತ್ತಿರಲಿಲ್ಲ. ಸಲಿಕೆ ತಗುಲೀತೆಂದು ಬರಿಗೈಯಲ್ಲೇ ಬಗೆದೆವು. ಜೀವ ಉಳಿಯಿತು, ಎಡಗಾಲು ಸರಿಯಾಗಲಿಲ್ಲ. ಅವನು ಮತ್ತೆ ತಗ್ಗಿಗೆ ಇಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕೇಂದ್ರ ಲೋಕೋಪಯೋಗಿ ಇಲಾಖೆಯ ಟೆಂಡರ್ ಕಾಗದಗಳಲ್ಲಿ ಸುರಕ್ಷಾ ನಿಯಮ ಓದಿದೆ. ಒಂದೂವರೆ ಮೀಟರ್ ಅಥವಾ ಅದಕ್ಕಿಂತ ಆಳದ ತಗ್ಗಾದರೆ ಮಗ್ಗುಲನ್ನು ಮೆಟ್ಟಿಲಾಗಿಸಬೇಕು ಅಥವಾ ಕಟ್ಟಿಗೆಯಿಂದ ಬಿಗಿಯಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಆಳದ ಅರ್ಧದಷ್ಟು, ಯಾವುದು ಹೆಚ್ಚೋ ಅಷ್ಟು ದೂರ ಇಡಬೇಕು. ಬುಡ ಕೊರೆಯಬಾರದು. ಓದುತ್ತ ನನಗೆ ಅಜ್ಜನ ದನಿಯೇ ಕೇಳಿಸಿತು, ಅಪ್ಪನ ಕಾಲು ಕಣ್ಣಿಗೆ ಬಂತು. ನಿಯಮ ಕಾಗದದಲ್ಲಿತ್ತು, ತಿಳಿವಳಿಕೆ ನಮ್ಮ ಕೈಯಲ್ಲಿತ್ತು. ಹಲಗೆಯ ದುಡ್ಡು ಮಾತ್ರ ಯಾರ ಎಸ್ಟಿಮೇಟಿನಲ್ಲೂ ಇರಲಿಲ್ಲ.

ಈಗ ಜೆಸಿಬಿ ಬಂದಿದೆ. ಇಪ್ಪತ್ತು ಜನ ವಾರಗಟ್ಟಲೆ ತೆಗೆಯುತ್ತಿದ್ದ ಮಣ್ಣು ಒಂದು ದಿನಕ್ಕೆ ಟಿಪ್ಪರ್ ಏರುತ್ತದೆ. ಬೆನ್ನು ಮುರಿಯುವ ದುಡಿಮೆ ತಪ್ಪಿದ್ದು ಒಳ್ಳೆಯದು, ನನ್ನ ಅವ್ವನ ಕುತ್ತಿಗೆ ನೋಡಿದವನು ನಾನು. ಆದರೆ ಯಂತ್ರ ನಿಲ್ಲುವುದು ಕೆಳಗಿನ ರಸ್ತೆಯಲ್ಲಿ. ಅದರ ಕೈಗೆ ಮೊದಲು ಸಿಗುವುದು ಗುಡ್ಡದ ಬುಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಜೋರು ಮಳೆಗೆ ಕುಸಿದು ಜನ, ಮನೆ, ಲಾರಿಗಳನ್ನು ನದಿಗೆ ತಳ್ಳಿತು. ಆ ನದಿ ಗಂಗಾವಳಿ, ನಮ್ಮ ಸೋಮೇಶ್ವರದ ಬಳಿ ಬೊಗಸೆ ನೀರಾಗಿ ಹುಟ್ಟುವ ಅದೇ ಶಾಲ್ಮಲೆಯ ಕೊನೆ. ಅಲ್ಲಿನ ಸುದ್ದಿ ನೋಡುತ್ತ ನಾನು ಎರಡು ರಾತ್ರಿ ಮಲಗಲಿಲ್ಲ.

ಈಗಲೂ ಕೆಲಸ ಹಿಡಿದರೆ ಎರಡು ಮಾತು ಬಿಡುವುದಿಲ್ಲ. ಎಸ್ಟಿಮೇಟಿನ ಮೊದಲ ಸಾಲಿನಲ್ಲಿ ಶೋರಿಂಗ್, ಅಂದರೆ ಬಲ್ಲಿ-ಹಲಗೆಯ ಆಸರೆಯ ಖರ್ಚು ಬರೆಯುತ್ತೇನೆ. ಅದನ್ನು ಹೊಡೆದು ಹಾಕುವವರ ಕೆಲಸ ಬಿಟ್ಟು ಬರುತ್ತೇನೆ. ಇನ್ನೊಂದು, ಯಂತ್ರದ ಹುಡುಗನಿಗೆ ಹೇಳಿ ತಗ್ಗಿನ ನಡುವೆ ಒಂದು ಸಾಕ್ಷಿ ಬಿಡಿಸುತ್ತೇನೆ. ಅಳತೆಗೆ ಈಗ ಅದು ಬೇಕಿಲ್ಲ. ಊಟದ ಹೊತ್ತಿಗೆ ಆ ಹುಡುಗನನ್ನು ಕೆಳಗಿಳಿಸಿ, ಅದರ ಮುಂದೆ ನಿಲ್ಲಿಸಿ, ಕೈಗೆ ಹಾರಿ ಕೊಡುತ್ತೇನೆ. "ತಟ್ಟಿ ನೋಡು ತಮ್ಮಾ, ಯಾವ ಮಗ್ಗಲು ಮಲಗತೈತಿ ಹೇಳು." ಮೊದಲ ದಿನ ಹೆಚ್ಚಿನವರಿಗೆ ತಿಳಿಯುವುದಿಲ್ಲ. ವಾರದೊಳಗೆ ಅವರೇ, ಬಕೆಟ್ ಇಳಿಸುವ ಮೊದಲು, ಗುಡ್ಡದ ಮೇಲ್ಗಡೆ ಹತ್ತಿ ನೀರಿನ ದಾರಿ ನೋಡಿ ಬರುತ್ತಾರೆ.