ಬಿಸಿಲು ಹೆಚ್ಚಿದರೆ ಸೊಳ್ಳೆ ಹೆಚ್ಚುವುದೇ? ಬಳ್ಳಾರಿ ಭಾಗದ ಚಿತ್ರಣ

ಹವಾಮಾನ ಬದಲಾವಣೆಯ ಪರಿಣಾಮ ಸೊಳ್ಳೆಗಳ ಮೇಲೆ ಎಲ್ಲೆಡೆ ಒಂದೇ ತೆರನಾಗಿಲ್ಲ. ಉತ್ತರ ಧ್ರುವದ ಸಮೀಪದ ಗ್ರೀನ್‌ಲ್ಯಾಂಡ್‌ನಲ್ಲಿ ಚಳಿಯೇ ಅವುಗಳಿಗೆ ಕಡಿವಾಣ. ಉಷ್ಣತೆ ಏರಿದಂತೆ ಸೊಳ್ಳೆಗಳು ಬೇಗ ಹೊರಬಂದು ಹೆಚ್ಚು ಸಂಖ್ಯೆಯಲ್ಲಿ ಬದುಕುಳಿಯುತ್ತವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಳ್ಳಾರಿಯ ಸ್ಥಿತಿ ಬೇರೆ.

ಉಷ್ಣಾಂಶದ ಮಿತಿ

ಮಲೇರಿಯಾದ ವೈವಾಕ್ಸ್ ರೋಗಾಣು ಸುಮಾರು 16, ಫಾಲ್ಸಿಪ್ಯಾರಂ ಸುಮಾರು 18 ಡಿಗ್ರಿಗಿಂತ ಕೆಳಗೆ ಸೊಳ್ಳೆಯ ದೇಹದಲ್ಲಿ ಬೆಳೆಯದು. ಡೆಂಗಿ ಹರಡಲು 29 ಡಿಗ್ರಿಯ ಆಸುಪಾಸು ಅತ್ಯಂತ ಅನುಕೂಲಕರ. 35 ಡಿಗ್ರಿ ಮೀರಿದರೆ ಸೊಳ್ಳೆಯ ಆಯುಷ್ಯವೇ ಕುಗ್ಗುತ್ತದೆ. ಆದ್ದರಿಂದ ಇಲ್ಲಿ ಆತಂಕ ಇರುವುದು ಮೇ ತಿಂಗಳ ಬಿರುಬಿಸಿಲಿನ ಬಗ್ಗೆಯಲ್ಲ. ಮಳೆಗಾಲ ಹಾಗೂ ಬೆಚ್ಚಗಾಗುವ ಚಳಿಗಾಲದ ರಾತ್ರಿಗಳ ಬಗ್ಗೆ.

ಬಳ್ಳಾರಿ ನಗರ

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಮನೆಯ ನೆರಳನ್ನೂ ಸಂಗ್ರಹಿಸಿಟ್ಟ ನೀರನ್ನೂ ಆಶ್ರಯಿಸುತ್ತದೆ. ನಲ್ಲಿ ನೀರು ನಿತ್ಯ ಬಾರದ ಬಡಾವಣೆಗಳಲ್ಲಿ ಡ್ರಮ್, ಸಂಪು, ತೊಟ್ಟಿಗಳು ಅನಿವಾರ್ಯ. ಬೇಸಿಗೆಯ ಏರ್ ಕೂಲರ್ ಕೂಡ ಅದಕ್ಕೆ ನೆಲೆ. ಹೊರಗಿನ ಬಿಸಿಲು ಇಲ್ಲಿ ಅದನ್ನು ತಟ್ಟದು. ಒಣಗಿದ ಮೊಟ್ಟೆಗಳೂ ತಿಂಗಳುಗಟ್ಟಲೆ ಉಳಿದು, ನೀರು ತಾಗಿದೊಡನೆ ಒಡೆಯುತ್ತವೆ.

ಸಿರುಗುಪ್ಪ, ಕುರುಗೋಡು

ತುಂಗಭದ್ರಾ ಕಾಲುವೆಗಳು ಈ ಒಣ ಸೀಮೆಯನ್ನು ಭತ್ತದ ನಾಡಾಗಿಸಿದವು. ನೀರು ನಿಂತ ಗದ್ದೆಗಳಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಗಳು ಜಪಾನೀಸ್ ಮಿದುಳು ಜ್ವರವನ್ನು ಹಂದಿ ಮತ್ತು ನೀರುಹಕ್ಕಿಗಳಿಂದ ಮನುಷ್ಯರಿಗೆ ದಾಟಿಸುತ್ತವೆ. 2006ರಲ್ಲಿ ದೇಶದ 11 ಜಿಲ್ಲೆಗಳಲ್ಲಿ ಮಕ್ಕಳಿಗೆ ಇದರ ಲಸಿಕೆ ಹಾಕುವ ಅಭಿಯಾನ ಆರಂಭವಾದಾಗ ಬಳ್ಳಾರಿಯೂ ಅವುಗಳಲ್ಲಿ ಒಂದಾಗಿತ್ತು. ಇಲ್ಲಿ ಸೊಳ್ಳೆಗಳ ಹಂಗಾಮನ್ನು ಮಳೆಗಿಂತ ಹೆಚ್ಚಾಗಿ ಕಾಲುವೆಯ ನೀರು ನಿರ್ಧರಿಸುತ್ತದೆ. ಎರಡನೇ ಬೆಳೆಗೆ ನೀರು ದೊರೆತ ವರ್ಷ ಅದು ಇನ್ನಷ್ಟು ದೀರ್ಘವಾಗುತ್ತದೆ.

ಏನು ಮಾಡಬೇಕು?

* ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ, ತೊಟ್ಟಿಯ ಅಂಚನ್ನು ಉಜ್ಜಿ ತೊಳೆದು ಒಣಗಿಸಬೇಕು.
* ಗದ್ದೆಯನ್ನು ಆಗಾಗ ಆರಲು ಬಿಟ್ಟು ಮತ್ತೆ ನೀರುಣಿಸಿದರೆ ಲಾರ್ವಾಗಳು ಸಾಯುತ್ತವೆ, ನೀರೂ ಉಳಿಯುತ್ತದೆ.
* ಮಕ್ಕಳಿಗೆ ಮಿದುಳು ಜ್ವರದ ಲಸಿಕೆ ತಪ್ಪಿಸಬಾರದು.
* ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಬೇಕು. ಡೆಂಗಿ ಶಂಕೆಯಿದ್ದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಸಲ್ಲದು.

ರಾಜ್ಯ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡಿಕೊಡುವ ಮನೆಗಳಿಗೆ ನಗರದಲ್ಲಿ 400 ರೂ., ಗ್ರಾಮಗಳಲ್ಲಿ 200 ರೂ. ದಂಡ ನಿಗದಿಪಡಿಸಿತು. ಆದರೆ ನಲ್ಲಿಯಲ್ಲಿ ನಿಯಮಿತವಾಗಿ ನೀರು ಬಾರದ ಹೊರತು ಡ್ರಮ್ಮುಗಳನ್ನು ತೊರೆಯುವುದು ಜನರಿಗೆ ಸಾಧ್ಯವಾಗದು.