ಒಂದು ಡಾಲರಿನ ಕ್ರಯಪತ್ರ

ಅಮೆರಿಕೆಯ ನಯಾಗರಾ ಫಾಲ್ಸ್ ನಗರದಲ್ಲಿ ಲವ್ ಕೆನಾಲ್ ಎಂಬ ಅರ್ಧಕ್ಕೇ ನಿಂತುಹೋದ ಕಾಲುವೆಯೊಂದಿತ್ತು. ಹೂಕರ್ ಎಂಬ ರಾಸಾಯನಿಕ ಕಂಪನಿಯು 1942ರಿಂದ ಸುಮಾರು ಹನ್ನೊಂದು ವರ್ಷಗಳ ಕಾಲ ಅದರಲ್ಲಿ 21,000 ಟನ್ನುಗಳಷ್ಟು ವಿಷತ್ಯಾಜ್ಯವನ್ನು ಹೂಳಿತು. 1953ರಲ್ಲಿ ಆ ನೆಲವನ್ನು ಊರಿನ ಶಾಲಾ ಮಂಡಳಿಗೆ ಕೇವಲ ಒಂದು ಡಾಲರಿಗೆ ಕ್ರಯ ಮಾಡಿಕೊಟ್ಟಿತು. ಮುಂದೊದಗುವ ಹಾನಿಗೆ ತಾನು ಬಾಧ್ಯನಲ್ಲವೆಂಬ ಷರತ್ತೂ ಪತ್ರದಲ್ಲಿತ್ತು. ಆ ಜಾಗಕ್ಕಾಗಿ ಮಂಡಳಿಯೇ ಒತ್ತಾಯಿಸಿತ್ತೆಂಬುದೂ ದಿಟ. ಅನೇಕಾಂತವನ್ನು ಒಪ್ಪುವ ನಾವು ಅದನ್ನು ಮರೆಮಾಚಲಾಗದು. ನಮ್ಮ ಬಸದಿಗಳ ಟ್ರಸ್ಟುಗಳಿಗೂ ಭೂದಾನ ಬರುತ್ತದೆ. ದಾನಪತ್ರವನ್ನು ಓದಿದಷ್ಟೇ ಶ್ರದ್ಧೆಯಿಂದ ನೆಲದ ಪೂರ್ವವೃತ್ತಾಂತವನ್ನು ನಾವು ವಿಚಾರಿಸಿದ್ದೇವೆಯೆ?

ಅಲ್ಲಿ ಶಾಲೆ ಎದ್ದಿತು, ಸುತ್ತಲೂ ಮನೆಗಳಾದವು. ಎಪ್ಪತ್ತರ ದಶಕದಲ್ಲಿ ವಿಷವು ನೆಲಮಾಳಿಗೆಗಳಿಗೆ ಒಸರಿತು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ಅವರು ತುರ್ತುಸ್ಥಿತಿಯನ್ನು ಘೋಷಿಸಿದರು. ನೂರಾರು ಕುಟುಂಬಗಳು ಮನೆ ತೊರೆದವು.

ಈ ದುರಂತದ ಬೆನ್ನಿಗೇ 1980ರ ಡಿಸೆಂಬರಿನಲ್ಲಿ ಬಂದುದು ‘ಸೂಪರ್‌ಫಂಡ್’ ಎಂದು ಪ್ರಸಿದ್ಧವಾದ ಕಾಯಿದೆ. ಸರ್ಕಾರವು ಮೊದಲು ನೆಲವನ್ನು ಶುದ್ಧಿಗೊಳಿಸಿ, ವೆಚ್ಚವನ್ನು ಹೊಣೆಗಾರರಿಂದ ವಸೂಲು ಮಾಡಬಹುದು. ಇಂದಿನ ಒಡೆಯ, ತ್ಯಾಜ್ಯ ಸುರಿದ ಕಾಲದ ಒಡೆಯ, ಸುರಿಯಲು ಏರ್ಪಾಟು ಮಾಡಿದವನು, ಜಾಗವನ್ನು ಆರಿಸಿ ಸಾಗಿಸಿದವನು, ಎಲ್ಲರೂ ಹೊಣೆಗಾರರೇ. ಕಾಯಿದೆ ಹುಟ್ಟುವ ಮುನ್ನಿನ ಕೃತ್ಯಕ್ಕೂ ಇದು ಅನ್ವಯಿಸುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಕೃತ, ಕಾರಿತ, ಅನುಮತ ಎಂಬ ವಿಂಗಡಣೆಯನ್ನು ಸ್ವಾಧ್ಯಾಯ ಮಾಡಿದ ಶ್ರಾವಕರಿಗೆ ಈ ವಿಸ್ತಾರವು ಅಪರಿಚಿತವೆನಿಸದು. ಆದರೆ ಭೇದವೂ ಉಂಟು. ಅರಿತು ಮಾಡಿದನೋ ಅರಿಯದೆ ಮಾಡಿದನೋ ಎಂಬುದನ್ನು ಉಮಾಸ್ವಾಮಿ ಆಚಾರ್ಯರು ಗಣನೆಗೆ ತರುತ್ತಾರೆ; ಅಮೆರಿಕೆಯ ಕಾಯಿದೆಯು ವೆಚ್ಚದ ಹೊಣೆ ಹೊರಿಸುವಾಗ ಭಾವವನ್ನು ಕೇಳುವುದಿಲ್ಲ.

ವ್ಯಾಪಾರಿಯಾದ ನನ್ನನ್ನು ಹೆಚ್ಚು ಸೆಳೆದುದು ವಸೂಲಿಯ ಲೆಕ್ಕಪತ್ರ. ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ಇದಕ್ಕಾಗಿಯೇ ನೌಕರರಿದ್ದಾರೆ. ಒಂದೊಂದು ಜಾಗಕ್ಕೂ ಪ್ರತ್ಯೇಕ ಖಾತೆ ಸಂಖ್ಯೆ. ಇಂಜಿನಿಯರನು ಆ ಜಾಗಕ್ಕಾಗಿ ದುಡಿದ ಗಂಟೆಗಳು, ಪ್ರಯಾಣದ ವೋಚರು, ಗುತ್ತಿಗೆದಾರನ ಬಿಲ್ಲು, ಪ್ರಯೋಗಾಲಯದ ಶುಲ್ಕ, ಕಛೇರಿಯ ಪರೋಕ್ಷ ವೆಚ್ಚದಲ್ಲಿ ಬರತಕ್ಕ ಪಾಲು ಇವೆಲ್ಲವನ್ನೂ ಅವರು ಹೊಂದಿಸುತ್ತಾರೆ. ವೋಚರಿಲ್ಲದ ಖರ್ಚನ್ನು ಎದುರುಪಕ್ಷದ ವಕೀಲರು ಬಿಡುವುದುಂಟೆ? ಕಾಲಮಿತಿಯೂ ಇದೆ: ತುರ್ತು ತೆರವು ಮುಗಿದ ಮೂರು ವರ್ಷಗಳೊಳಗೆ, ಶಾಶ್ವತ ಕಾಮಗಾರಿ ಆರಂಭವಾದ ಆರು ವರ್ಷಗಳೊಳಗೆ ದಾವೆ ಹೂಡತಕ್ಕದ್ದು. ಗುಮಾಸ್ತನೊಬ್ಬನು ಬರೆಯಲು ಮರೆತ ಬಾಬ್ತು ಕೊನೆಗೆ ಪ್ರಜೆಗಳ ತಲೆಯ ಮೇಲೆಯೇ ಬೀಳುತ್ತದೆ.

ಹೂಕರ್ ಕಂಪನಿಯನ್ನು 1968ರಲ್ಲಿ ಆಕ್ಸಿಡೆಂಟಲ್ ಸಂಸ್ಥೆ ಕೊಂಡಿತ್ತು. ಶುದ್ಧೀಕರಣದ ವೆಚ್ಚಕ್ಕೆ ಅದೇ ಬಾಧ್ಯವೆಂದು 1988ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. ಒಂದು ಡಾಲರಿನ ಪತ್ರದ ಷರತ್ತು ರಕ್ಷಣೆಗೆ ಬರಲಿಲ್ಲ. 1994ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ 9 ಕೋಟಿ 80 ಲಕ್ಷ ಡಾಲರು, 1995ರಲ್ಲಿ ಕೇಂದ್ರ ಸರ್ಕಾರಕ್ಕೆ 12 ಕೋಟಿ 90 ಲಕ್ಷ ಡಾಲರು ತೆರಲು ಅದು ಒಪ್ಪಿತು. ಈ ಎರಡನೆಯ ಒಪ್ಪಂದದ ವೇಳೆ ಅಮೆರಿಕೆಯ ಭೂಸೇನೆಯೂ ತನ್ನ ಪಾಲೆಂದು 80 ಲಕ್ಷ ಡಾಲರು ಕೊಡಲು ಸಮ್ಮತಿಸಿತು. ಸರ್ಕಾರದ ಲೆಕ್ಕದಲ್ಲಿ ಸರ್ಕಾರವೇ ಋಣಿಯ ಸಾಲಿನಲ್ಲಿ ನಿಂತ ಆ ನಮೂದನ್ನು ನಾನು ಎರಡು ಸಲ ಓದಿದೆನು.